ಹೊಸ್ತಿಲು ದಾಟುವ ಕೆಲಸ: ನಮ್ಮ ಮೂರು ಊರುಗಳು ಮತ್ತು ಕಂಪ್ಯೂಟರಿನ ಗರ್ಭಗುಡಿ



2018ರ ಸಂಕ್ರಾಂತಿಯಂದು ಎಳ್ಳುಬೆಲ್ಲ ಹಂಚುವ ಹೊತ್ತಿಗೆ ನಮ್ಮಲ್ಲಿ ಕೆಲವರು ತಡವಾಗಿ ಬಂದದ್ದು, ಬಂದವರೂ ಹಾಲಿನ ಹೊರಗೆ ಬಿಸಿಲಿನಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಲೇ ಇದ್ದದ್ದು ಹಲವರಿಗೆ ನೆನಪಿರಬಹುದು. ಅದಕ್ಕೆ ಸ್ವಲ್ಪ ಮುಂಚೆ, ಮೈಸೂರಿನಿಂದ ಬಂದು ಅಡಿಲೇಡಿನ ನಮ್ಮ ಮನೆಯಲ್ಲಿದ್ದ ಅಮ್ಮ ರಾತ್ರಿ ಒಂದು ಗಂಟೆಗೂ ದೀಪ ಉರಿಯುತ್ತಿರುವುದನ್ನು ಕಂಡು ಎದ್ದು ಬಂದರು. "ಅದೇನಪ್ಪಾ ಅಂಥ ಕೆಲಸ? ಎಲ್ಲಾದರೂ ಕಳ್ಳತನ ಆಯಿತೇ?" ಎಂದು ಕೇಳಿದರು.

"ಇಲ್ಲಮ್ಮ, ಕಳ್ಳತನ ಆಗಿಲ್ಲ. ಆಗಬಹುದು ಅಂತ ಗೊತ್ತಾಗಿದೆ. ಅದಕ್ಕೇ ಬಾಗಿಲು ಬದಲಾಯಿಸ್ತಾ ಇದೀವಿ" ಎಂದೆವು.

"ಯಾವ ಬಾಗಿಲು?" ಎಂದರು ಅಮ್ಮ. ಅಂದು ನಿದ್ದೆಗಣ್ಣಿನಲ್ಲಿ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ಪರ್ತ್ ಮತ್ತು ಬ್ರಿಸ್ಬೇನಿನ ಗೆಳೆಯರೊಡನೆ ಈ ಮಾತು ಬಂದಾಗ ನಮಗೇ ಆಶ್ಚರ್ಯವಾಯಿತು. ಅಮ್ಮ ಕೇಳಿದ ಆ ಬಾಗಿಲಿನ ಚರಿತ್ರೆಯ ಒಂದು ದೊಡ್ಡ ಭಾಗ ನಾವು ಬಂದು ನೆಲೆಸಿರುವ ಈ ಮೂರು ಊರುಗಳಲ್ಲೇ ಹಾದುಹೋಗಿದೆ. ಅದನ್ನು ಮೂರೂ ಊರಿನವರು ಸೇರಿ ಬರೆದಿಟ್ಟರೆ ಮಕ್ಕಳಾದರೂ ಓದಿಯಾರು ಎಂದು ಈ ಲೇಖನ.

ಮೊದಲು ಬಾಗಿಲು ಯಾವುದು ಎಂಬುದನ್ನು ಹೇಳಬೇಕು. ಕಂಪ್ಯೂಟರಿನಲ್ಲಿ ನಾವು ಬಳಸುವ ಪ್ರೋಗ್ರಾಂಗಳು, ಅಂದರೆ ಕಾಗದ ಬರೆಯುವುದು, ಲೆಕ್ಕ ಇಡುವುದು, ಚಿತ್ರ ತೋರಿಸುವುದು ಇತ್ಯಾದಿ, ನೇರವಾಗಿ ಡಿಸ್ಕನ್ನಾಗಲಿ ಪರದೆಯನ್ನಾಗಲಿ ಮುಟ್ಟುವಂತಿಲ್ಲ. ಆ ಅಧಿಕಾರ ಇರುವುದು ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳಾದ ಕರ್ನೆಲ್‌ಗೆ ಮಾತ್ರ. ದೇವಸ್ಥಾನದಲ್ಲಿ ನಾವು ನವರಂಗದಲ್ಲಿ ನಿಂತು ಹಣ್ಣುಕಾಯಿ ತಟ್ಟೆಯನ್ನು ಅರ್ಚಕರ ಕೈಗೆ ಕೊಡುತ್ತೇವಲ್ಲ, ಹಾಗೆ. ಅವರು ಒಳಗೆ ಹೋಗಿ ಪೂಜೆ ಮಾಡಿ ತಟ್ಟೆ ಹಿಂದಕ್ಕೆ ಕೊಡುತ್ತಾರೆ. ನಾವು ಹೊಸ್ತಿಲು ದಾಟುವುದಿಲ್ಲ. ಪ್ರೋಗ್ರಾಂ ಹೀಗೆ ಕರ್ನೆಲ್ಲಿನ ಕೈಗೆ ತಟ್ಟೆ ಕೊಡುವುದಕ್ಕೆ ಸಿಸ್ಟಂ ಕಾಲ್ ಎಂದು ಹೆಸರು. ಒಂದು ಕಡತ ತೆರೆದರೆ ಸಿಸ್ಟಂ ಕಾಲ್, ನಾಲ್ಕಕ್ಷರ ಓದಿದರೆ ಸಿಸ್ಟಂ ಕಾಲ್, ಒಂದು ಸಂದೇಶ ಕಳಿಸಿದರೆ ಮತ್ತೊಂದು. ಕೆಲಸ ಬಿಡುವಿಲ್ಲದ ಯಂತ್ರದಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಈ ಕೊಡುಕೊಳ್ಳುವಿಕೆ ನಡೆಯುತ್ತದೆ. ಆದ್ದರಿಂದ ಹೊಸ್ತಿಲಿನ ಬಳಿ ಒಂದು ಹೆಜ್ಜೆ ಉಳಿದರೂ ಲಾಭ, ಒಂದು ಹೆಜ್ಜೆ ಹೆಚ್ಚಾದರೂ ನಷ್ಟ.

ಪರ್ತ್‌ನಿಂದ ಆರಂಭಿಸೋಣ. ವೆಸ್ಟರ್ನ್ ಆಸ್ಟ್ರೇಲಿಯ ವಿಶ್ವವಿದ್ಯಾಲಯಕ್ಕೆ 1965ರ ಸುಮಾರಿಗೆ ಅಮೆರಿಕದ ಡಿಜಿಟಲ್ ಕಂಪನಿಯಿಂದ ಪಿಡಿಪಿ-6 ಎಂಬ ಯಂತ್ರ ಬಂತು. ಇಂಥ ಯಂತ್ರಗಳು ಇಡೀ ಜಗತ್ತಿನಲ್ಲಿ ತಯಾರಾದದ್ದೇ ಇಪ್ಪತ್ತು ಚಿಲ್ಲರೆ. ಅದರಲ್ಲೊಂದು ಹಿಂದೂ ಮಹಾಸಾಗರದ ಈ ದಂಡೆಗೆ ಬಂದಿತೆಂದರೆ ಆ ಕಾಲಕ್ಕೆ ಸಾಹಸವೇ ಸರಿ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಗಾರ್ಡನ್ ಬೆಲ್ ಅದಕ್ಕೆ ಮೊದಲೇ, 1957-58ರಲ್ಲಿ, ಫುಲ್‌ಬ್ರೈಟ್ ವಿದ್ವಾಂಸರಾಗಿ ಸಿಡ್ನಿಯಲ್ಲಿ ಇದ್ದು ಹೋಗಿದ್ದವರು. ಪಿಡಿಪಿ-6ರ ಹಿರಿಮೆಯೆಂದರೆ ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ, ಪ್ರತಿಯೊಬ್ಬರೂ ತಮ್ಮದೇ ಟೆಲಿಟೈಪ್ ಮುಂದೆ ಕುಳಿತು, ಬಳಸಬಹುದಾಗಿದ್ದುದು. ಹಲವರು ಸೇರಿದ ಮೇಲೆ ಒಬ್ಬರದು ಇನ್ನೊಬ್ಬರಿಗೆ ಸಿಗಬಾರದು. ಹೊಸ್ತಿಲು ಬೇಕಾದದ್ದು ಆಗಲೇ.

ಆ ಯಂತ್ರದಲ್ಲಿ ಹೊಸ್ತಿಲು ಮಾಡಿದ ರೀತಿ ಬಹಳ ಚೆನ್ನಾಗಿದೆ. ಯಂತ್ರಕ್ಕೆ ಗೊತ್ತಿರುವ ಆದೇಶಗಳ ಪಟ್ಟಿಯಲ್ಲಿ ಕೆಲವು ಸಂಖ್ಯೆಗಳಿಗೆ ಅರ್ಥವನ್ನೇ ಕೊಡದೆ ಬೇಕೆಂದೇ ಖಾಲಿ ಬಿಟ್ಟಿದ್ದರು. ಪ್ರೋಗ್ರಾಂ ಅಂಥ ಅರ್ಥವಿಲ್ಲದ ಆದೇಶ ಕೊಟ್ಟರೆ ಯಂತ್ರ ಆ ಆದೇಶವನ್ನೇ ಎತ್ತಿ ಅಷ್ಟಮಾನದ 40ನೆಯ ಮನೆಯಲ್ಲಿಟ್ಟು, 41ನೆಯ ಮನೆಯಲ್ಲಿ ಬರೆದಿದ್ದುದನ್ನು ನಡೆಸುತ್ತಿತ್ತು. ಅಲ್ಲಿ ಕಾದಿರುತ್ತಿದ್ದವನು ಮಾನಿಟರ್, ಅಂದರೆ ಇಂದಿನ ಕರ್ನೆಲ್ಲಿನ ಹಿರಿಯಣ್ಣ. ಅವನು 40ನೆಯ ಮನೆಯನ್ನು ನೋಡಿ, "ಓಹೋ, ಇವರಿಗೆ ಟೇಪು ಬೇಕಂತೆ" ಎಂದು ತಿಳಿದು ಕೆಲಸ ಮಾಡಿಕೊಡುತ್ತಿದ್ದ. ತಪ್ಪು ಮಾತನ್ನೇ ಕೋರಿಕೆಯ ಮಾತಾಗಿ ಬಳಸುವ ಉಪಾಯ! ಕರೆಗಂಟೆಗಾಗಿ ಬೇರೆ ತಂತಿ ಎಳೆಯಬೇಕಾಗಲಿಲ್ಲ.

ಬ್ರಿಸ್ಬೇನಿನ ಕಥೆ ಇದಕ್ಕೆ ಹೊಂದಿಕೊಂಡದ್ದೇ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಜಿಇ-225 ಯಂತ್ರ ಬಂದಿತ್ತು. 1960ರ ದಶಕದ ಕೊನೆಗೆ ಪಿಡಿಪಿ-6ರ ಮುಂದಿನ ಪೀಳಿಗೆಯಾದ ಪಿಡಿಪಿ-10 ಬಂತು. ಹೊಸ್ತಿಲು ಅದೇ, 40-41ರ ಮನೆಗಳೂ ಅವೇ.

ಅಡಿಲೇಡಿನವರ ದಾರಿ ಮಾತ್ರ ಬೇರೆ. (ಅಡಿಲೇಡಿನವರು ಯಾವುದರಲ್ಲಿ ತಾನೆ ಬೇರೆಯಲ್ಲ ಎಂದು ಪರ್ತ್‌ನವರು ಇಲ್ಲಿ ಸೇರಿಸಲು ಹೇಳಿದ್ದಾರೆ.) ಆಗಿನ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ಇದ್ದದ್ದು ಕಂಟ್ರೋಲ್ ಡೇಟಾ ಕಂಪನಿಯ ಸಿಡಿಸಿ-6400. ಸೀಮೋರ್ ಕ್ರೇ ರೂಪಿಸಿದ ಪ್ರಸಿದ್ಧ 6600ರ ತಮ್ಮ ಎನ್ನಬಹುದು. ಇದರಲ್ಲಿ ನಡುವೆ ಒಂದು ದೊಡ್ಡ ಪ್ರೊಸೆಸರು, ಸುತ್ತ ಹತ್ತು ಸಣ್ಣ ಪ್ರೊಸೆಸರುಗಳು. ದೊಡ್ಡದರ ಕೆಲಸ ಲೆಕ್ಕ ಹಾಕುವುದು. ಮಾನಿಟರ್ ಇದ್ದದ್ದು ಸಣ್ಣವುಗಳಲ್ಲೊಂದರಲ್ಲಿ. ಪ್ರೋಗ್ರಾಮಿಗೆ ಏನಾದರೂ ಬೇಕಾದರೆ ಅದು ಯಾರ ಬಾಗಿಲನ್ನೂ ಬಡಿಯುತ್ತಿರಲಿಲ್ಲ. ತನಗೆ ಕೊಟ್ಟ ಜಾಗದ ಎರಡನೆಯ ಮನೆಯಲ್ಲಿ ಒಂದು ಚೀಟಿ ಬರೆದಿಡುತ್ತಿತ್ತು. ಚೀಟಿಯ ತಲೆಯಲ್ಲಿ ಮೂರಕ್ಷರದ ಹೆಸರು, ಕೆಳಗೆ ವಿವರ. ಸಣ್ಣ ಪ್ರೊಸೆಸರಿನಲ್ಲಿದ್ದ ಮಾನಿಟರ್ ಸುತ್ತು ಹಾಕುತ್ತ ಬಂದು ಆ ಮನೆಯನ್ನು ಇಣುಕಿ ನೋಡಿ, ಚೀಟಿಯಿದ್ದರೆ ಎತ್ತಿಕೊಂಡು ಅಲ್ಲಿ ಸೊನ್ನೆ ಇಟ್ಟು ಹೋಗುತ್ತಿತ್ತು. ಸೊನ್ನೆ ಕಂಡರೆ ಚೀಟಿ ತಲಪಿತು ಎಂದರ್ಥ.

ನಮ್ಮೂರುಗಳಲ್ಲಿ ರಾತ್ರಿ ಮಲಗುವ ಮುಂಚೆ ಬಾಗಿಲಿಗೆ ಚೀಲ ತೂಗುಹಾಕಿ "ನಾಳೆ ಅರ್ಧ ಲೀಟರು ಜಾಸ್ತಿ" ಎಂದು ಹಾಲಿನವನಿಗೆ ಚೀಟಿ ಇಡುತ್ತಿದ್ದುದು ಹಿರಿಯ ಸದಸ್ಯರಿಗೆ ನೆನಪಿದ್ದೇ ಇರುತ್ತದೆ. ಯಾರ ನಿದ್ದೆಯೂ ಕೆಡುವುದಿಲ್ಲ. ಆದರೆ ಹಾಲು ಈಗಲೇ ಬೇಕೆಂದರೆ ಚೀಲದ ಪದ್ಧತಿ ನಡೆಯುವುದಿಲ್ಲ, ಸುತ್ತು ಬರುವ ತನಕ ಕಾಯಲೇಬೇಕು. ಈ ಅಡಿಲೇಡಿನ ಚೀಟಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೊನೆಯಲ್ಲಿ ಮತ್ತೆ ಬರುತ್ತದೆ.

ಇಪ್ಪತ್ತೈದು ವರ್ಷ ದಾಟಿ ಮುಂದೆ ಹೋಗೋಣ. ಯುನಿಕ್ಸ್, ಸಿಡ್ನಿಯ ಜಾನ್ ಲಯನ್ಸ್ ಅವರು 1976-77ರಲ್ಲಿ ಬರೆದ ಅದರ ಕರ್ನೆಲ್ ವ್ಯಾಖ್ಯಾನ, ವಿದ್ಯಾರ್ಥಿಗಳು ಜಗತ್ತಿನಾದ್ಯಂತ ಅದರ ನೆರಳಚ್ಚು ಪ್ರತಿಗಳನ್ನು ಕೈಯಿಂದ ಕೈಗೆ ದಾಟಿಸಿದ್ದು, ಇವೆಲ್ಲ ಬೇರೆಯೇ ಲೇಖನದ ವಸ್ತು. (ನೆರಳಚ್ಚಿನ ಪತ್ರಿಕೆ ಹೊರಡಿಸುವ ನಮಗೆ ಆ ವಿಷಯದಲ್ಲಿ ವಿಶೇಷ ಗೌರವವಿದೆ.) 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟಾರ್ವಾಲ್ಡ್ಸ್ ತಮ್ಮ ಲಿನಕ್ಸ್ ಕರ್ನೆಲ್ ಹೊರತಂದರು. ಇಂಟೆಲ್ 386 ಯಂತ್ರದಲ್ಲಿ ಅದರ ಹೊಸ್ತಿಲು ಒಂದು 'ಇಂಟರಪ್ಟ್', ಷೋಡಶಮಾನದಲ್ಲಿ ಅದರ ಸಂಖ್ಯೆ 80. ಪ್ರೋಗ್ರಾಂ ತನಗೇನು ಬೇಕೆಂಬ ಸಂಖ್ಯೆಯನ್ನು ಒಂದು ರಿಜಿಸ್ಟರಿನಲ್ಲಿಟ್ಟು ಈ ಗಂಟೆ ಬಾರಿಸಿದರೆ ಪ್ರೊಸೆಸರು ಎಲ್ಲವನ್ನೂ ಎತ್ತಿಟ್ಟು, ಅಧಿಕಾರ ಬದಲಿಸಿ, ಕರ್ನೆಲ್ಲಿನೊಳಕ್ಕೆ ಹಾರುತ್ತದೆ. ಪರ್ತ್‌ನ 40-41ರ ಮನೆಗಳ ಮೊಮ್ಮಗ ಎನ್ನಲಡ್ಡಿಯಿಲ್ಲ. 1993ರಲ್ಲಿ ಲೈನಸ್ ಆಸ್ಟ್ರೇಲಿಯಕ್ಕೆ ಬಂದಾಗ ಕ್ಯಾನ್‌ಬೆರಾದ ಮೃಗಾಲಯದಲ್ಲಿ ಒಂದು ಪುಟ್ಟ ಪೆಂಗ್ವಿನ್ ಅವರ ಬೆರಳು ಕಚ್ಚಿತಂತೆ. ಲಿನಕ್ಸಿನ ಲಾಂಛನ ಪೆಂಗ್ವಿನ್ ಆದದ್ದರ ಹಿಂದೆ ಈ ಕಡಿತವೂ ಇದೆ ಎಂದು ಈ ದೇಶದವರು ಹೆಮ್ಮೆಯಿಂದ ಹೇಳುತ್ತಾರೆ.

ಲಿನಕ್ಸ್ ಬಳಗದ ಆಸ್ಟ್ರೇಲಿಯ ಸಮ್ಮೇಳನವನ್ನು 1999ರಲ್ಲಿ ಮೆಲ್ಬರ್ನಿನಲ್ಲಿ ಮೊದಲು ನಡೆಸಿದವರು ರಸ್ಟಿ ರಸೆಲ್. ಖರ್ಚಿಗೆ ತಮ್ಮದೇ ಕ್ರೆಡಿಟ್ ಕಾರ್ಡ್ ಕೊಟ್ಟರು. ರಾಜ್ಯೋತ್ಸವದ ಹಾಲಿಗೆ ಮುಂಗಡ ಕಟ್ಟಿ ಬಲ್ಲ ನಮ್ಮ ಸಮಿತಿಯವರಿಗೆ ಇದರ ಬಿಸಿ ಗೊತ್ತು! ಆಮೇಲೆ ಸಮ್ಮೇಳನ 2002ರಲ್ಲಿ ಬ್ರಿಸ್ಬೇನಿಗೂ 2003ರಲ್ಲಿ ಪರ್ತ್‌ಗೂ 2004ರಲ್ಲಿ ಅಡಿಲೇಡಿಗೂ ಬಂತು. ಮೂರೂ ವರ್ಷ ಸಾಲಾಗಿ ನಮ್ಮ ಮೂರು ಊರುಗಳು. ಸರಿಯಾಗಿ ಅದೇ ಮೂರು ವರ್ಷಗಳಲ್ಲಿ ಲಿನಕ್ಸಿನ ಹೊಸ್ತಿಲು ಹೊಸದಾಯಿತು.

2002ರ ಮಾತು. ಹಲವು ಕೆಲಸಗಾರರು ಒಂದೇ ಬೀಗವನ್ನು ಹಂಚಿಕೊಂಡಾಗ, ಬೀಗ ಖಾಲಿಯಿದೆಯೇ ಎಂದು ಕೇಳಲು ಪ್ರತಿಸಲವೂ ಕರ್ನೆಲ್ಲಿನ ಬಳಿ ಹೋಗುವುದು ದಂಡ. ರಸ್ಟಿ ರಸೆಲ್, ಹ್ಯೂಬರ್ಟಸ್ ಫ್ರಾಂಕೆ ಮೊದಲಾದವರು 'ಫ್ಯೂಟೆಕ್ಸ್' ಎಂಬುದನ್ನು ಮಾಡಿದರು. ಬೀಗ ಖಾಲಿಯಿದ್ದರೆ ಹೊಸ್ತಿಲ ಈಚೆಯೇ ತೆಗೆದುಕೊಳ್ಳಿ; ಜಗಳ ಬಂದರೆ ಮಾತ್ರ ಒಳಗೆ ದೂರು ಕೊಡಿ. ಇದು ಆ ವರ್ಷ 2.5.7 ಆವೃತ್ತಿಯಲ್ಲಿ ಸೇರಿತು. ಇಂದು ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳೂ ಇದರ ಮೇಲೆಯೇ ನಡೆಯುತ್ತಿವೆ. ಅತಿ ವೇಗದ ಸಿಸ್ಟಂ ಕಾಲ್ ಎಂದರೆ ಮಾಡದೆ ಉಳಿಸಿದ ಸಿಸ್ಟಂ ಕಾಲ್ ಎಂದು ನಮ್ಮ ಬ್ರಿಸ್ಬೇನಿನ ಗೆಳೆಯರು ತಮಾಷೆ ಮಾಡುವುದುಂಟು.

ಅದೇ ವರ್ಷದ ಡಿಸೆಂಬರಿನಲ್ಲಿ ಒಬ್ಬರು ಅಳೆದು ನೋಡಿ ದೂರು ಕೊಟ್ಟರು: ಹೊಸ ಪೆಂಟಿಯಂ-4 ಎಷ್ಟೇ ಓಡಿದರೂ ಹೊಸ್ತಿಲು ದಾಟುವುದರಲ್ಲಿ ಹಳೆಯ ಪೆಂಟಿಯಂ-3ಕ್ಕಿಂತ ನಿಧಾನ! ಇಂಟೆಲ್‌ನವರು ಪೆಂಟಿಯಂ-2ರ ಕಾಲದಲ್ಲೇ 'ಸಿಸ್‌ಎಂಟರ್' ಎಂಬ ಒಳದಾರಿ ಕೊಟ್ಟಿದ್ದರು. ಆದರೆ ಅದು ಅರ್ಧ ಕೆಲಸ ಮಾಡುವ ಆಳು. ಒಳಗೆ ಬೇಗ ಕರೆದೊಯ್ಯುತ್ತದೆ, ಎಲ್ಲಿಂದ ಬಂದೆ ಎಂಬುದನ್ನು ಬರೆದಿಡುವುದಿಲ್ಲ. ಹಿಂದಿರುಗುವ ದಾರಿ ತಿಳಿಯದಿದ್ದರೆ ಒಳಗೆ ಹೋಗಿ ಏನು ಪ್ರಯೋಜನ? ಲೈನಸ್ ಅವರೇ ಕೂತು ಉಪಾಯ ಮಾಡಿದರು. ಕರ್ನೆಲ್ ತಾನೇ ಒಂದು ಪುಟ್ಟ ಹಾಳೆಯನ್ನು ಪ್ರತಿ ಪ್ರೋಗ್ರಾಮಿನ ಸ್ಮೃತಿಯಲ್ಲಿ ಒಂದೇ ಜಾಗದಲ್ಲಿ ಅಂಟಿಸಿತು. ಪ್ರೋಗ್ರಾಂ ಆ ಹಾಳೆಯ ಮೂಲಕವೇ ಒಳಬರಬೇಕು. ಹಾಗಾದರೆ ಎಲ್ಲಿಗೆ ಹಿಂದಿರುಗಬೇಕೆಂಬುದು ಕರ್ನೆಲ್ಲಿಗೆ ಮೊದಲೇ ಗೊತ್ತು. ಹಳೆಯ ಯಂತ್ರವಾದರೆ ಆ ಹಾಳೆಯಲ್ಲಿ ಹಳೆಯ ಗಂಟೆ, ಹೊಸದಾದರೆ ಒಳದಾರಿ. ಪ್ರೋಗ್ರಾಮಿಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಹಳೆಯ ಗಂಟೆಯನ್ನೂ ಕಿತ್ತುಹಾಕಲಿಲ್ಲ. ನೇರವಾಗಿ ಅದನ್ನೇ ಬಾರಿಸುವ ಹಳೆಯ ಪ್ರೋಗ್ರಾಂಗಳು ಎಂದಿನಂತೆ ನಡೆದವು. ನಮ್ಮ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಮೆಚ್ಚತಕ್ಕದ್ದು ವೇಗವಲ್ಲ, ಹಳಬರನ್ನು ಹೊರಗೆ ನಿಲ್ಲಿಸದ ಈ ಸೌಜನ್ಯ.

ಇದಾಗಿ ಒಂದು ತಿಂಗಳಿಗೆ ಪರ್ತ್ ಸಮ್ಮೇಳನ. ಈ ಬದಲಾವಣೆಗಳನ್ನೆಲ್ಲ ಹೊತ್ತ 2.6 ಆವೃತ್ತಿ ಹೊರಬಂದದ್ದು 2003ರ ಡಿಸೆಂಬರಿನಲ್ಲಿ. ಮರುತಿಂಗಳು ಅಡಿಲೇಡ್ ಸಮ್ಮೇಳನ. ಅಲ್ಲಿ ಲೈನಸ್ ಅವರನ್ನು ದಾನಕಾರ್ಯಕ್ಕಾಗಿ ನೀರಿನ ತೊಟ್ಟಿಯ ಮೇಲೆ ಕೂರಿಸಿ ಒಳಗೆ ಬೀಳಿಸಿದರು. ಅಡಿಲೇಡಿನ ಜನವರಿ ಸೆಕೆಗೆ ಅದು ಶಿಕ್ಷೆಯೋ ಉಪಚಾರವೋ! ಬ್ರಿಸ್ಬೇನಿಗೆ ಸಮ್ಮೇಳನ 2011ರ ಜನವರಿಯಲ್ಲಿ ಮತ್ತೆ ಬಂದಾಗ ಊರೇ ಪ್ರವಾಹದಲ್ಲಿ ಮುಳುಗಿತ್ತು. ಕೊನೆಗಳಿಗೆಯಲ್ಲಿ ಸ್ಥಳ ಬದಲಾಯಿಸಿ ಹೇಗೋ ನಡೆಸಿದರು.

ಇನ್ನು ಅಮ್ಮನ ಪ್ರಶ್ನೆಗೆ ಬರುತ್ತೇವೆ. ಹೊಸ್ತಿಲು ಬೇಗ ದಾಟಲೆಂದು ಬಹು ಕಾಲದಿಂದ ಮಾಡಿಕೊಂಡಿದ್ದ ಒಂದು ಅನುಕೂಲ ಇತ್ತು. ಪ್ರತಿ ಪ್ರೋಗ್ರಾಮಿನ ಸ್ಮೃತಿಯ ನಕಾಶೆಯಲ್ಲೂ ಮೇಲ್ಭಾಗದಲ್ಲಿ ಕರ್ನೆಲನ್ನೂ ಬರೆದಿಟ್ಟಿರುತ್ತಿದ್ದರು. ಹಳೆಯ 32 ಬಿಟ್ ಯಂತ್ರಗಳಲ್ಲಿ ಸಾಮಾನ್ಯವಾಗಿ 4 ಗಿಗಾಬೈಟಿನಲ್ಲಿ 3 ಪ್ರೋಗ್ರಾಮಿಗೆ, 1 ಕರ್ನೆಲ್ಲಿಗೆ. ನಕಾಶೆಯಲ್ಲಿ ಇದ್ದರೂ "ಇಲ್ಲಿ ಪ್ರವೇಶವಿಲ್ಲ" ಎಂಬ ಗುರುತು ಇರುವುದರಿಂದ ಪ್ರೋಗ್ರಾಂ ಅದನ್ನು ಓದಲಾರದು. ಒಳಗೆ ಹೋಗುವಾಗ ನಕಾಶೆ ಬದಲಾಯಿಸುವ ಗೋಜಿಲ್ಲ. ಗರ್ಭಗುಡಿಗೂ ನವರಂಗಕ್ಕೂ ನಡುವೆ ಗೋಡೆಯಿಲ್ಲ, ಬರೀ ಒಂದು ಹಗ್ಗ ಕಟ್ಟಿದ್ದಾರೆ. ಹಗ್ಗವನ್ನು ಯಾರೂ ದಾಟುವುದಿಲ್ಲ ಎಂಬ ನಂಬಿಕೆ.

ದಾಟಬಹುದೆಂದು 2018ರ ಜನವರಿ 3ರಂದು ಬಹಿರಂಗವಾಯಿತು. 'ಮೆಲ್ಟ್‌ಡೌನ್' ಎಂಬ ಆ ದೋಷವನ್ನು ಗೂಗಲ್‌ನ ಯಾನ್ ಹಾರ್ನ್, ಆಸ್ಟ್ರಿಯದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು, ಇನ್ನೂ ಕೆಲವರು ಕಂಡುಹಿಡಿದಿದ್ದರು. ಪ್ರಬಂಧದ ಲೇಖಕರಲ್ಲಿ ಒಬ್ಬರು ಆಗ ನಮ್ಮ ಅಡಿಲೇಡ್ ವಿಶ್ವವಿದ್ಯಾಲಯದಲ್ಲಿದ್ದ ಯುವಾಲ್ ಯಾರೋಮ್. ಜೊತೆಗೇ ಹೊರಬಿದ್ದ 'ಸ್ಪೆಕ್ಟರ್' ದೋಷದ ಪ್ರಬಂಧದಲ್ಲೂ ಅವರ ಹೆಸರಿದೆ. ಅದಕ್ಕೂ ನಾಲ್ಕು ವರ್ಷ ಮೊದಲು, 2014ರಲ್ಲಿ, ಅವರು ಮತ್ತು ಅಲ್ಲಿನವರೇ ಆದ ಕತ್ರಿನಾ ಫಾಕ್ನರ್ ಸೇರಿ 'ಫ್ಲಶ್ ಅಂಡ್ ರಿಲೋಡ್' ಎಂಬ ಅಳೆಯುವ ವಿಧಾನವನ್ನು ಪ್ರಕಟಿಸಿದ್ದರು. ಮೆಲ್ಟ್‌ಡೌನ್‌ನವರು ಗುಟ್ಟನ್ನು ಹೊರಗೆ ಸಾಗಿಸಿದ್ದು ಆ ವಿಧಾನದಿಂದಲೇ.

ಅಡಿಗೆಮನೆಯ ಭಾಷೆಯಲ್ಲಿ ಹೇಳಿದರೆ ಅಮ್ಮನಂಥವರಿಗೆ ತಿಳಿಯುತ್ತದೆ. ಪ್ರೊಸೆಸರು ಆತುರದ ಅಡಿಗೆಯವನು. ಅಪ್ಪಣೆ ಸಿಗುವ ಮುಂಚೆಯೇ ಮುಂದಿನ ಕೆಲಸ ಮಾಡಿಟ್ಟಿರುತ್ತಾನೆ. ಅಪ್ಪಣೆ ಇಲ್ಲವೆಂದರೆ ಮಾಡಿದ್ದನ್ನು ಚೆಲ್ಲಿ, ಏನೂ ನಡೆದಿಲ್ಲವೆಂಬಂತೆ ನಿಲ್ಲುತ್ತಾನೆ. ಈಗ ಒಲೆಗಳ ಮೇಲೆ 256 ತಣ್ಣನೆಯ ಪಾತ್ರೆಗಳನ್ನು ಸಾಲಾಗಿ ಇಡಿ. "ಭಂಡಾರದ ಬೀಗದೊಳಗಿನ ಚೀಟಿಯಲ್ಲಿ ಯಾವ ಸಂಖ್ಯೆ ಇದೆಯೋ ಆ ಪಾತ್ರೆಯನ್ನು ಕಾಯಿಸು" ಎಂದು ಹೇಳಿ. ಆತ ಆತುರದಲ್ಲಿ ಚೀಟಿ ಓದಿ ಪಾತ್ರೆ ಕಾಯಿಸಿಯೂ ಬಿಡುತ್ತಾನೆ. ಅಷ್ಟರಲ್ಲಿ ಯಜಮಾನರು ಗದರುತ್ತಾರೆ. ಚೀಟಿ ಮುಚ್ಚಿಡುತ್ತಾನೆ, ನಮಗೆ ತೋರಿಸುವುದಿಲ್ಲ. ಆದರೆ ನಾವು ಒಂದೊಂದೇ ಪಾತ್ರೆ ಮುಟ್ಟಿ ನೋಡಿದರೆ ಒಂದು ಮಾತ್ರ ಬಿಸಿ! ಚೀಟಿಯ ಸಂಖ್ಯೆ ಸಿಕ್ಕಿತು. ಒಂದೊಂದು ಬೈಟಿಗೂ ಹೀಗೆ ಮಾಡುತ್ತ ಹೋದರೆ ಕರ್ನೆಲ್ಲಿನಲ್ಲಿರುವುದೆಲ್ಲ, ಅಂದರೆ ಬೇರೆಯವರ ಪಾಸ್‌ವರ್ಡು, ಬ್ಯಾಂಕಿನ ವಿವರ, ರೋಗಿಗಳ ಕಡತ, ಹೊರಗೆ ಬರುತ್ತದೆ. ಹೆಚ್ಚಾಗಿ ಇಂಟೆಲ್ ಪ್ರೊಸೆಸರುಗಳಲ್ಲಿ, ಅದೂ 1990ರ ದಶಕದಿಂದ ಈಚಿನವುಗಳಲ್ಲಿ, ಈ ದೋಷ ಕುಳಿತಿತ್ತು. ಹಗ್ಗ ಕಟ್ಟಿದ್ದ ಅಷ್ಟೂ ವರ್ಷ.

ಪರಿಹಾರ ಒಂದೇ: ಹಗ್ಗ ಬಿಚ್ಚಿ ಗೋಡೆ ಕಟ್ಟುವುದು. ಗ್ರಾಟ್ಸಿನವರು 2017ರಲ್ಲಿ 'ಕೈಸರ್' ಎಂಬ ಹೆಸರಿನಲ್ಲಿ ಬೇರೊಂದು ಕಾರಣಕ್ಕೆ ಇದನ್ನು ಸೂಚಿಸಿದ್ದು ಅದೃಷ್ಟವೆನ್ನಬೇಕು. ಅದರ ಮೇಲೆ ಕೆಲಸ ಮಾಡಿ ಲಿನಕ್ಸಿನವರು ಎರಡು ನಕಾಶೆಗಳ ಪದ್ಧತಿ ತಂದರು. 2018ರ ಜನವರಿ ಕೊನೆಯ 4.15 ಆವೃತ್ತಿಯಲ್ಲಿ ಅದು ಬಂತು. ಪ್ರೋಗ್ರಾಂ ನಡೆಯುವಾಗಿನ ನಕಾಶೆಯಲ್ಲಿ ಕರ್ನೆಲ್ಲೇ ಇಲ್ಲ, ಒಳಗೆ ಕಾಲಿಡಲು ಬೇಕಾದಷ್ಟು ಸಣ್ಣ ಅಂಕಣ ಮಾತ್ರ. ನಮ್ಮ ದೇವಾಲಯಗಳಲ್ಲಿ ನವರಂಗಕ್ಕೂ ಗರ್ಭಗುಡಿಗೂ ನಡುವೆ ಸುಕನಾಸಿ ಇರುತ್ತದಲ್ಲ, ಹಾಗೆ. ಸಿಸ್ಟಂ ಕಾಲ್ ಬಂದಾಗ ಸುಕನಾಸಿಯಲ್ಲಿ ನಿಂತು ನಕಾಶೆ ಬದಲಿಸಬೇಕು, ಕೆಲಸ ಮುಗಿಸಿ ಹೊರಡುವಾಗ ಮತ್ತೆ ಬದಲಿಸಬೇಕು. ಈ ಜಾಗದ ಕೋಡು ಬಹುಮಟ್ಟಿಗೆ ಅಸೆಂಬ್ಲಿ ಭಾಷೆಯಲ್ಲಿದ್ದು, ಒಂದು ರಿಜಿಸ್ಟರು ತಪ್ಪಿದರೆ ಯಂತ್ರವೇ ಮಲಗುತ್ತದೆ. ಆಂಡಿ ಲುಟೊಮಿರ್ಸ್ಕಿ 2015ರಲ್ಲೇ ಈ ಕೋಡನ್ನು ಬಿಡಿಸಿ ಸಾಕಷ್ಟನ್ನು ಸಿ ಭಾಷೆಗೆ ತಂದಿದ್ದರು. ಅದು ಆಗಿರದಿದ್ದರೆ ಆ ಚಳಿಗಾಲದಲ್ಲಿ (ನಮಗೆ ಬೇಸಿಗೆ!) ಇಷ್ಟು ಬೇಗ ಗೋಡೆ ಏಳುತ್ತಿತ್ತೇ ಎಂಬುದು ಸಂದೇಹ.

ಗೋಡೆಗೆ ಬೆಲೆ ತೆರಬೇಕಾಯಿತು. ಸಾಮಾನ್ಯ ಕೆಲಸಗಳಿಗೆ ಶೇಕಡ 5ರಷ್ಟು ನಿಧಾನ, ಹೊಸ್ತಿಲನ್ನು ಎಡೆಬಿಡದೆ ದಾಟುವ ಕೆಲಸಕ್ಕೆ ಶೇಕಡ 30ರವರೆಗೆ ಎಂದು ಅದನ್ನು ಬರೆದವರೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ನಮ್ಮಲ್ಲೊಬ್ಬರು ನೋಡಿಕೊಳ್ಳುತ್ತಿದ್ದ ಡೇಟಾಬೇಸ್ ಯಂತ್ರ ಆ ವಾರ ಏದುಸಿರು ಬಿಟ್ಟಿತು. ವೈದ್ಯರ ಭೇಟಿಯ ಸಮಯ ಗೊತ್ತುಮಾಡುವ ಯಂತ್ರ ಅದು. ಬೆಳಿಗ್ಗೆ ಎಂಟಕ್ಕೆ ಫೋನಿನ ಸಾಲು ಬೆಳೆಯುತ್ತಿತ್ತು. ಮೇಲಿನವರೊಬ್ಬರು "ಆ ಗೋಡೆಯನ್ನು ಆರಿಸಿಬಿಡಿ, ಅದಕ್ಕೊಂದು ಸ್ವಿಚ್ ಇದೆಯಂತೆ" ಎಂದರು. ಸ್ವಿಚ್ ಇದ್ದದ್ದು ನಿಜ. ಅದೇ ಯಂತ್ರವನ್ನು ಬೇರೆ ಸಂಸ್ಥೆಗಳೂ ಹಂಚಿಕೊಂಡಿದ್ದವು, ಒಳಗಿದ್ದದ್ದು ರೋಗಿಗಳ ಕಡತ. ಆರಿಸುವುದಿಲ್ಲ ಎಂದು ಬರೆದುಕೊಟ್ಟು, ಪ್ರೋಗ್ರಾಂ ಒಂದೊಂದೇ ಸಾಲು ಓದುತ್ತಿದ್ದುದನ್ನು ನೂರು ಸಾಲು ಒಟ್ಟಿಗೆ ಓದುವಂತೆ ತಿದ್ದಿದೆವು. ಅದಕ್ಕೆ ಹನ್ನೊಂದು ರಾತ್ರಿ ಹಿಡಿಯಿತು. ಶಾಬಾಸ್‌ಗಿರಿಯೇನೂ ಬರಲಿಲ್ಲ. ಎಳ್ಳುಬೆಲ್ಲಕ್ಕೆ ತಡವಾದದ್ದು ಆಗಲೇ.

ಹೊಸ್ತಿಲಿನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ 4.17ರಲ್ಲಿ ಸಿಸ್ಟಂ ಕಾಲ್‌ಗಳಿಗೆ ರಿಜಿಸ್ಟರುಗಳನ್ನು ದಾಟಿಸುವ ರೀತಿಯನ್ನೇ ಬದಲಿಸಿದರು: ಪ್ರೋಗ್ರಾಂ ಕೊಟ್ಟ ಬೇಡದ ಮೌಲ್ಯ ಒಳಗಿನವರ ಕೈಗೆ ಹೋಗದಂತೆ, ಬೇಕಾದಷ್ಟನ್ನೇ ಎತ್ತಿಕೊಡುವುದು. 2020ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತಿತರರು ಪ್ರವೇಶದ ಕೋಡನ್ನು ಮತ್ತೊಮ್ಮೆ ಬಿಚ್ಚಿ ಜೋಡಿಸಿದರು. ಇಂಟೆಲ್‌ನವರು ಪ್ರೊಸೆಸರಿನಲ್ಲಿಯೇ ಹೊಸ್ತಿಲನ್ನು ಹೊಸದಾಗಿ ಕೆತ್ತಿದ 'ಫ್ರೆಡ್' ಎಂಬ ವ್ಯವಸ್ಥೆಗೆ 2024ರ 6.9 ಆವೃತ್ತಿಯಲ್ಲಿ ಜಾಗ ಮಾಡಿಕೊಟ್ಟಿದ್ದಾರೆ.

ಇನ್ನು ಅಡಿಲೇಡಿನ ಚೀಟಿ. ದಾಟುವುದು ದುಬಾರಿಯಾದ ಮೇಲೆ ದಾಟದೆ ಕೆಲಸ ಮಾಡಿಸಿಕೊಳ್ಳುವ ದಾರಿ ಹುಡುಕಬೇಕಲ್ಲ. 2019ರಲ್ಲಿ ಯೆನ್ಸ್ ಆಕ್ಸ್‌ಬೋ 5.1 ಆವೃತ್ತಿಗೆ 'ಐಓ-ಯೂರಿಂಗ್' ತಂದರು. ಪ್ರೋಗ್ರಾಂ ತನ್ನ ಕೋರಿಕೆಗಳನ್ನು ಇಬ್ಬರಿಗೂ ಕಾಣುವ ಒಂದು ಸಾಲಿನಲ್ಲಿ ಬರೆದಿಡುತ್ತದೆ. ಬೇಕೆಂದರೆ ಕರ್ನೆಲ್ಲಿನ ಒಬ್ಬ ಆಳು ಸುತ್ತು ಹಾಕುತ್ತ ಇಣುಕಿ ಎತ್ತಿಕೊಳ್ಳುತ್ತಾನೆ, ಗಂಟೆ ಬಾರಿಸುವ ಅಗತ್ಯವಿಲ್ಲ. ಸಿಡಿಸಿ-6400ರ ಎರಡನೆಯ ಮನೆಯ ಚೀಟಿಯನ್ನು ಕಂಡವರಿಗೆ ಇದರಲ್ಲಿ ಹೊಸದು ಕಡಿಮೆ ಅನ್ನಿಸೀತು. ಅಡಿಲೇಡಿನವರು ಇದನ್ನು ಹಿಡಿದುಕೊಂಡು ಬೀಗುತ್ತಿದ್ದಾಗ ಪರ್ತ್‌ನವರು ಒಂದು ಮಾತು ನೆನಪಿಸಿದರು: 2023ರಲ್ಲಿ ಗೂಗಲ್ ತನ್ನ ಸರ್ವರುಗಳಲ್ಲಿ ಇದನ್ನು ನಿಲ್ಲಿಸಿತು. ತಾನು ಬಹುಮಾನ ಕೊಟ್ಟು ತರಿಸಿಕೊಂಡ ಕರ್ನೆಲ್ ದಾಳಿಗಳಲ್ಲಿ ಶೇಕಡ 60ರಷ್ಟು ಈ ಸಾಲಿನ ಮೂಲಕವೇ ಬಂದಿದ್ದವು ಎಂಬುದು ಅದು ಕೊಟ್ಟ ಕಾರಣ. ವಾದ ಇನ್ನೂ ತೀರಿಲ್ಲ.

ಕಡೆಗೊಂದು ಕೋರಿಕೆ. ಈ ಹಳೆಯ ಯಂತ್ರಗಳ ಮೇಲೆ ಕೆಲಸ ಮಾಡಿದ ಸದಸ್ಯರೋ ಅವರ ಮನೆಯವರೋ ನಮ್ಮ ನಡುವೆ ಇದ್ದರೆ, ಪಂಚ್ ಕಾರ್ಡು, ಅಚ್ಚಾದ ಪ್ರೋಗ್ರಾಂ ಹಾಳೆ, ಹಳೆಯ ಕೈಪಿಡಿ ಏನೇ ಇರಲಿ, ಯುಗಾದಿ ಕಾರ್ಯಕ್ರಮಕ್ಕೆ ತನ್ನಿ. ಒಂದು ಮೇಜು ಇಟ್ಟಿರುತ್ತೇವೆ. ನೆರಳಚ್ಚು ತೆಗೆದುಕೊಂಡು ಅಂದೇ ಹಿಂದಿರುಗಿಸುತ್ತೇವೆ.